ಹುಸೇನಬಿ ಹೇಳುತ್ತಿದ್ದ ಸಿನಿಮಾ

ಬಿಸಿಲಿಗೆ ಹಾಕಿದ ಹಳೆಯ ಜಮಖಾನೆಯ ವಾಸನೆ ಬಂದರೆ ಇವತ್ತಿಗೂ ನನ್ನ ತಲೆ ತಾನಾಗಿ ತಗ್ಗುತ್ತದೆ. ಧೂಳು, ಕೊಬ್ಬರಿ ಎಣ್ಣೆ, ಎಲೆಯಡಿಕೆ, ಬಾಡಿದ ಮಲ್ಲಿಗೆ ಎಲ್ಲ ಕೂಡಿದ ವಾಸನೆ ಅದು. ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿದ್ದೀತು, ವಿಜಯಪುರಕ್ಕೆ ಆಗ ಬಿಜಾಪುರವೆಂದೇ ಹೆಸರು. ಇಬ್ರಾಹಿಂಪುರದ ಕಡೆ ರೈಲು ಹಳಿಯ ಮಗ್ಗುಲಿಗೆ ಹತ್ತಿಯ ಗೋದಾಮಾಗಿದ್ದ ತಗಡಿನ ಕಟ್ಟಡವೊಂದು ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಟಾಕೀಸಾಗಿತ್ತು. ಗಂಡಸರು ಬಲಗಡೆ, ಹೆಂಗಸರು ಎಡಗಡೆ, ನಡುವೆ ಎರಡು ಜಮಖಾನೆ ಜೋಡಿಸಿ ಹೊಲಿದ ಪರದೆ. ದೀಪ ಹತ್ತಿದರೆ ಪರದೆ ಇಳಿಯಬೇಕು, ದೀಪ ಆರಿದರೆ ಏರಬೇಕು. ಅದರ ಹಗ್ಗ ಹುಸೇನಬಿಯ ಕೈಯಲ್ಲಿರುತ್ತಿತ್ತು.

ಹುಸೇನಬಿ ನಮ್ಮ ಓಣಿಯ ತುದಿಯ ಮನೆಯಲ್ಲಿ ಒಬ್ಬಳೇ ಇದ್ದು ಕೌದಿ ಹೊಲಿಯುತ್ತಿದ್ದ ಹೆಂಗಸು. ಹಗ್ಗ ಜಗ್ಗುವುದು ಹೆಸರಿಗೆ ಮಾತ್ರ, ಆಕೆಯ ನಿಜವಾದ ಕೆಲಸ ಕಥೆ ಹೇಳುವುದು. ಆಗ ಬರುತ್ತಿದ್ದ ಸಿನಿಮಾಗಳು ಮರಾಠಿಯವು, ಇಲ್ಲವೆ ಹಿಂದಿಯವು. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಮಧ್ಯಾಹ್ನದ ಆಟಕ್ಕೆ ಬರುವ ನಮ್ಮ ಹೆಂಗಸರಿಗೆ ಅದರಲ್ಲಿ ಒಂದಕ್ಷರ ತಿಳಿಯುತ್ತಿರಲಿಲ್ಲ. ಹುಸೇನಬಿ ಪರದೆಯ ಬುಡದಲ್ಲಿ ಕಾಲು ಚಾಚಿ ಕೂತು, ಬಾಯಲ್ಲಿ ಎಲೆಯಿಟ್ಟುಕೊಂಡೇ, "ಈಗ ನೋಡ್ರಿ, ಅತ್ತಿ ಬಂದ್ಲು. ಮಾರಿ ನೋಡ್ರಿ ಆಕೀದು, ಏನೋ ಒಂದು ಕಿತಾಪತಿ ಮಾಡಾಕ ಬಂದಾಳ" ಎಂದು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದಳು. ರೈಲು ಹಾಯ್ದು ಇಡೀ ತಗಡು ಗಡಗಡ ನಡುಗುವಾಗ ತೆರೆಯ ಮೇಲಿನವರ ಮಾತು ದೇವರಿಗೂ ಕೇಳುತ್ತಿರಲಿಲ್ಲ. ಹುಸೇನಬಿ ಮಾತ್ರ ನಿಲ್ಲಿಸುತ್ತಿರಲಿಲ್ಲ. ಆ ಕಥೆ ತೆರೆಯದಲ್ಲ, ಆಕೆಯದೇ ಎಂದು ಆಗಲೇ ನನಗೆ ತಿಳಿಯಬೇಕಿತ್ತು.

ನನ್ನನ್ನು ಕರೆದೊಯ್ಯುತ್ತಿದ್ದವಳು ಚಿಗವ್ವ, ನಮ್ಮ ಕಾಕಾನ ಹೆಂಡತಿ. ಅಕ್ಕಲಕೋಟೆಯ ಕಡೆಯಿಂದ ಬಂದ ಸೊಸೆ, ಮಾತು ಕಡಿಮೆ. ಕಾಕಾ ಲಡಾಯಿಗೆಂದು ಸೈನ್ಯ ಸೇರಿ ಬರ್ಮಾದ ಕಡೆ ಹೋಗಿದ್ದ. ಮೊದಮೊದಲು ಕಾಗದ ಬಂದವು, ಆಮೇಲೆ ನಿಂತವು. ಮನೆಯಲ್ಲಿ ಯಾರೂ ಆ ಮಾತು ಎತ್ತುತ್ತಿರಲಿಲ್ಲ. ಚಿಗವ್ವ ಬೀಸುವ ಕಲ್ಲಿನ ಮುಂದೆ ಕೂತು ನನಗೆ ಅರ್ಥವಾಗದ ಏನನ್ನೋ ಗುನುಗುತ್ತಿದ್ದಳು. ಕಾಗದ ನಿಂತ ಮೇಲೆ ಅದೂ ನಿಂತಿತು. ವಾರಕ್ಕೊಮ್ಮೆ ಟಾಕೀಸಿಗೆ ಹೋಗುವಾಗ ಮಾತ್ರ ಮುಖದಲ್ಲಿ ಕಳೆ ಬರುತ್ತಿತ್ತು. ಹುಸೇನಬಿಯ ಮಗ್ಗುಲಿಗೇ ಅವಳ ಜಾಗ. ಅಜ್ಜಿ ಗೊಣಗಿದರೂ, "ಹೋಗಲಿ ಬಿಡ್ರಿ, ಅಷ್ಟೊತ್ತಾದ್ರೂ ಆಕಿ ನಗ್ತಾಳ" ಎಂದು ನನ್ನವ್ವ ಬಾಯಿ ಮುಚ್ಚಿಸುತ್ತಿದ್ದಳು.

ನನಗೆ ಹನ್ನೊಂದು ತುಂಬಿದ ವರ್ಷ ಹೆಣ್ಣುಮಕ್ಕಳ ಸಾಲಿಯಲ್ಲಿ ಮರಾಠಿ ಕಲಿಸತೊಡಗಿದರು. ವರ್ಗದಲ್ಲಿ ನಾನೇ ಮೊದಲು. ಆ ಸೊಕ್ಕು ಎಷ್ಟಿತ್ತೆಂದರೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಒಂದು ದಿನ ಮಧ್ಯಾಹ್ನದ ಆಟದಲ್ಲಿ ಹಡಗು ಹತ್ತಿ ಹೋದ ಗಂಡನೊಬ್ಬನ ಕಥೆ ನಡೆದಿತ್ತು. ಕೊನೆಗೆ ಹೆಂಡತಿಗೆ ಒಂದು ಕಾಗದ ಬರುತ್ತದೆ. ಮಾವ ಅದನ್ನು ಓದುತ್ತಾನೆ, ಗಂಡ ಸಮುದ್ರದಲ್ಲಿ ಮುಳುಗಿ ಸತ್ತನೆಂದು. ನನಗೆ ಪ್ರತಿಯೊಂದು ಮಾತೂ ತಿಳಿಯಿತು. ಹುಸೇನಬಿ ಹೇಳಿದ್ದೇ ಬೇರೆ.

"ಬರಾಕತ್ತಾನಂತ ಕಾಗದ ಬಂದೈತಿ. ನೋಡ್ರಿ, ಸಂತೋಷಕ್ಕ ಹೆಂಗ ಅಳಾಕತ್ತಾಳ."

ತೆರೆಯ ಮೇಲಿನವಳು ಹಣೆಯ ಕುಂಕುಮ ಒರೆಸಿಕೊಂಡಳು. ಹುಸೇನಬಿ ಅದಕ್ಕೂ ಸೋಲಲಿಲ್ಲ. "ಹಳೇದು ಒರಸಿದ್ಲು. ಗಂಡ ಬರ್ತಾನಲ್ಲ, ಹೊಸಾದು ಹಚ್ಕೋತಾಳ."

ನಾನು ಎದ್ದು ನಿಂತೆ. ಗಂಡಸರ ಕಡೆಗೂ ಕೇಳುವಂತೆ ಕೂಗಿದೆ. "ಸುಳ್ಳು ಹೇಳಾಕತ್ತಾಳ ಇಕಿ. ಗಂಡ ಸತ್ತಾನ. ನನಗ ಮರಾಠಿ ಬರ್ತೈತಿ. ಅವ ಸತ್ತಾನ."

ಆಚೆಯಿಂದ ಗಂಡಸರು ನಕ್ಕರು. ಈಚೆ ಯಾರೂ ನಗಲಿಲ್ಲ. "ಅಂದ್ರ ಇಷ್ಟ ದಿನಾ ನಮಗ ಹೇಳಿದ್ದೆಲ್ಲಾ ಸುಳ್ಳೇನ ಬೇ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು. ಹುಸೇನಬಿ ಅವಳ ಕಡೆಯಾಗಲಿ ನನ್ನ ಕಡೆಯಾಗಲಿ ನೋಡಲಿಲ್ಲ. ಆಕೆ ನೋಡಿದ್ದು ಚಿಗವ್ವನ ಮುಖವನ್ನು. ದೀಪ ಹತ್ತಿದಾಗ ಹಗ್ಗ ಬಿಡುವುದನ್ನೂ ಮರೆತಿದ್ದಳು. ಎಲ್ಲರೂ ಗಡಬಡಿಸಿ ಸೆರಗೆಳೆದುಕೊಂಡರು, ಚಿಗವ್ವ ಮಾತ್ರ ಹಾಗೆಯೇ ಕೂತಿದ್ದಳು. ದಾರಿಯುದ್ದಕ್ಕೂ ನನ್ನ ಕೈ ಹಿಡಿಯಲಿಲ್ಲ.

ದೂರು ಮ್ಯಾನೇಜರನವರೆಗೆ ಹೋಯಿತು. ಮುಂದಿನ ವಾರ ಹುಸೇನಬಿಯ ಜಾಗ ಖಾಲಿಯಿತ್ತು. ಹೇಳಲು ನಾಚಿಕೆಯಾಗುತ್ತದೆ, ಆ ಜಾಗದಲ್ಲಿ ನಾನೇ ಕೂತೆ. ಶಾಣ್ಯಾ ಹುಡುಗಿ, ಇದ್ದದ್ದನ್ನು ಇದ್ದಂಗ ಹೇಳ್ತಾಳ ಎಂದು ಕೂಡಿಸಿದರು. ನಾನೂ ಮಾಸ್ತರರ ಮುಂದೆ ಪಾಠ ಒಪ್ಪಿಸಿದ ಹಾಗೆ ಒಂದೊಂದು ಮಾತನ್ನೂ ಸರಿಯಾಗಿ ಹೇಳಿದೆ. ಎರಡು ವಾರ ಕೇಳಿದರು. ಮೂರನೆಯ ವಾರ ಹಣ್ಣು ಮಾರುವ ಬಾಗವಾನರ ಮುದುಕಿಯೊಬ್ಬಳು, "ನೀ ಸುಮ್ಮನ ಕುಂದ್ರವಾ, ನಾವು ಕಣ್ಣಿಲೆ ನೋಡ್ಕೋತೀವಿ" ಅಂದಳು. ಚಿಗವ್ವ ಮತ್ತೆ ಟಾಕೀಸಿನ ಕಡೆ ಹೋಗಲಿಲ್ಲ. ಹುಸೇನಬಿ ಮನೆಗೆ ಬೀಗ ಹಾಕಿ ತಿಕೋಟಾದ ತಂಗಿಯ ಮನೆಗೆ ಹೋದಳೆಂದು ಸುದ್ದಿ ಬಂತು.

ಲಡಾಯಿ ಮುಗಿಯಿತು. ಕಾಕಾ ಬರಲಿಲ್ಲ, ಕಾಗದವೂ ಬರಲಿಲ್ಲ. ನನ್ನ ಮದುವೆ ಗೊತ್ತಾದ ವರ್ಷ ಒಂದು ಮುಂಜಾನೆ ಚಿಗವ್ವನ ಎದುರಿಗೆ ಕೂತು ನಾನೂ ಬೀಸುತ್ತಿದ್ದೆ. ಬಹಳ ದಿನದಿಂದ ಎದೆಯೊಳಗಿದ್ದದ್ದನ್ನು ಅಂದೆ. "ಆವತ್ತು ಹಂಗ ಒದರಬಾರದಿತ್ತು ಚಿಗವ್ವ. ಆದ್ರ ಆಕಿ ನಿನಗ ಮೋಸ ಮಾಡಾಕತ್ತಿದ್ಲು."

ಚಿಗವ್ವ ಕಲ್ಲು ನಿಲ್ಲಿಸಲಿಲ್ಲ. "ನನಗ ಮರಾಠಿ ಬರೂದಿಲ್ಲಂತ ತಿಳದಿದ್ದೇನು? ನಮ್ಮವ್ವ ನನಗ ಮಾತು ಕಲಿಸಿದ್ದ ಮರಾಠಿಯೊಳಗ."

ನನ್ನ ಕೈ ಗೂಟದ ಮೇಲೇ ಉಳಿಯಿತು. ಅವಳು ಗುನುಗುತ್ತಿದ್ದದ್ದು ಯಾವ ಭಾಷೆಯೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

"ಒಂದ ಸಲಾ ಸಿನಿಮಾದಾಗ ಸಿಪಾಯಿ ಸತ್ತನಂತ ಬರೇ ಮಾತಿನಾಗ ಹೇಳಿದ್ರು. ಹುಸೇನಬಿ ಬಾಯಿ ತೆಗಿಯೂಕಿಂತ ಮೊದಲ ನಾ ಅತ್ತುಬಿಟ್ಟೆ. ಆಕಿಗೆ ತಿಳೀತು, ಇಕಿಗೆ ಮರಾಠಿ ಬರ್ತೈತಿ ಅಂತ. ನನ್ನ ಕೈ ಹಿಡದು, ಸತ್ತಿಲ್ಲ ಬೇ, ಮೂರ್ಛೆ ಬಂದೈತಿ ಅಷ್ಟ, ಅಂದ್ಲು. ಅವತ್ತಿನಿಂದ ಆಕಿ ಯಾರನ್ನೂ ಸಾಯಗೊಡಲಿಲ್ಲ. ನಮ್ಮಿಬ್ಬರಿಗೂ ಗೊತ್ತಿತ್ತವಾ, ಸುಳ್ಳಂತ. ಆದ್ರ ಕೇಳಾಕ ಹಿತ ಅನಸ್ತಿತ್ತು."

ಹಿಟ್ಟು ಬೀಳುತ್ತಲೇ ಇತ್ತು. ಅಂದು ನಾನು ಎದ್ದು ನಿಂತು ಚಿಗವ್ವನಿಗೆ ಹೊಸದೇನನ್ನೂ ತಿಳಿಸಿರಲಿಲ್ಲ. ಗೊತ್ತಿದ್ದವಳಿಗೇ ಗೊತ್ತಿದ್ದದ್ದನ್ನು, ಊರಿಗೆಲ್ಲ ಕೇಳುವಂತೆ, ಎರಡು ಸಲ ಹೇಳಿದ್ದೆ. ತಿಕೋಟಾ ಏನು ದೂರ, ಚಕ್ಕಡಿ ಹೂಡಿದರೆ ಅರ್ಧ ದಿನದ ಹಾದಿ. ಮದುವೆಗೆ ಮೊದಲು ಹೋಗಿ ಹುಸೇನಬಿಯ ಕಾಲು ಹಿಡಿಯಬೇಕು ಅಂದುಕೊಂಡೆ. ಹೋಗಲಿಲ್ಲ. ಮುಖವಿರಲಿಲ್ಲ. ಆಕೆ ತೀರಿಹೋದಳೆಂದು ಕೇಳಿದಾಗ ನನ್ನ ತೊಡೆಯ ಮೇಲೆ ಮೊದಲ ಕೂಸು ಇತ್ತು.

ಟಾಕೀಸಿನ ನಡುವೆ ಆಮೇಲೆ ಗೋಡೆ ಬಂತು, ಹೆಂಗಸರಿಗೆ ಬೇರೆ ಬಾಗಿಲು ಬಂತು, ಜಮಖಾನೆಯ ಪರದೆ ಯಾರದೋ ಚಕ್ಕಡಿಯ ಹಾಸಿಗೆಯಾಯಿತು. ಕನ್ನಡದ ಸಿನಿಮಾಗಳೇ ಬಂದವು, ಹೇಳುವವರು ಬೇಕಾಗಲಿಲ್ಲ. ಈಗ ಅದು ಮತ್ತೆ ಗೋದಾಮು.

ಚಿಗವ್ವ ಹಣೆಯ ಕುಂಕುಮ ತೆಗೆಯದೆಯೇ ಮುದುಕಿಯಾದಳು. ಕಣ್ಣು ಹೋಗಿ ಹಾಸಿಗೆ ಹಿಡಿದಾಗ ನಾನು ತವರಿಗೆ ಬಂದು ಕೆಲವು ದಿನ ಅವಳ ಮಗ್ಗುಲಿಗೆ ಕೂತೆ. ಒಂದು ಮಧ್ಯಾಹ್ನ ಧೈರ್ಯ ಮಾಡಿ ಆ ಹಡಗಿನ ಸಿನಿಮಾದ ಕಥೆಯನ್ನು ಮೊದಲಿನಿಂದ ಹೇಳಿದೆ. ಕಾಗದ ಬಂತು, ಬರುತ್ತೇನೆಂದು ಬರೆದಿದ್ದ, ಸಂತೋಷಕ್ಕೆ ಅತ್ತಳು ಎಂದೆ. ಮಾತು ಮತ್ತೆ ಪಾಠ ಒಪ್ಪಿಸಿದ ಹಾಗೆಯೇ ಹೊರಬಂದವು. ಚಿಗವ್ವ ಕೊನೆಯವರೆಗೂ ಕೇಳಿಸಿಕೊಂಡು, ತಡವರಿಸಿ ನನ್ನ ಕೈ ಹುಡುಕಿ ಹಿಡಿದಳು.

"ಇರಲಿ ಬಿಡವಾ," ಅಂದಳು. "ಆಕಿ ಹಂಗ ನಿನಗ ಹೇಳಾಕ ಬರೂದಿಲ್ಲ."