ಯಾವ ಮನೆಯ ಅನ್ನವಾದರೂ

ಕೋವಿಡ್ ಮುಗಿದು ಸ್ಯಾನ್ ಡಿಯಾಗೋದಲ್ಲಿ ನಮ್ಮ ಭಾನುವಾರದ ಕನ್ನಡ ಶಾಲೆ ಮತ್ತೆ ತೆರೆದಾಗ ದೊಡ್ಡ ಮಕ್ಕಳಿಗೆ ಇತಿಹಾಸ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ವಾರವೆಲ್ಲ ಸೊರೆಂಟೊ ವ್ಯಾಲಿಯ ಆಫೀಸಿನಲ್ಲಿ ಚಿಪ್ ಟೆಸ್ಟಿಂಗ್ ಮಾಡಿ ತಲೆ ಕೆಟ್ಟಿರುತ್ತಿದ್ದ ನನಗೆ ಅದೊಂದು ಹಬ್ಬ. ಬೌದ್ಧಧರ್ಮ ಹೇಗೆ ಹರಡಿತು ಎಂದು ಒಂದು ದಿನ ಹೇಳಿದೆ. ಬುದ್ಧ ಪಂಡಿತರ ಭಾಷೆ ಬಿಟ್ಟು ಜನರ ಮಾತಿನಲ್ಲೇ ಹೇಳಿದ. ಕ್ಷೌರಿಕನೂ ರಾಜಕುಮಾರನೂ ಒಂದೇ ಸಂಘಕ್ಕೆ ಬಂದರು. ವ್ಯಾಪಾರಿಗಳು ಹೋದಲ್ಲೆಲ್ಲ ಅವನ ಮಾತನ್ನು ಕೊಂಡೊಯ್ದರು. ಭಿಕ್ಷುಗಳು ಮನೆ ಯಾರದೆಂದು ಕೇಳದೆ, ಬಟ್ಟಲಿಗೆ ಬಿದ್ದದ್ದನ್ನು ಉಣ್ಣುತ್ತಿದ್ದರು ಎಂದಾಗ ಒಬ್ಬ ಹುಡುಗಿ, "ಸೋ, ಪಾಟ್‌ಲಕ್ ಎವ್ರಿ ಡೇ?" ಎಂದಳು. ಎಲ್ಲರೂ ನಕ್ಕೆವು.

ತಿಂಗಳಿಗೊಮ್ಮೆ ಪಾಠ ಮುಗಿದ ಮೇಲೆ ನಮ್ಮಲ್ಲೂ ಪಾಟ್‌ಲಕ್ ಇರುತ್ತಿತ್ತು. ಒಂದೊಂದು ಮನೆಯಿಂದ ಒಂದೊಂದು ಅಡುಗೆ. ನನ್ನ ವಾಂಗಿಬಾತ್‌ಗೆ ಒಳ್ಳೆಯ ಹೆಸರಿತ್ತು. ಶಾಲೆಯ ಉಸ್ತುವಾರಿ ನೋಡುತ್ತಿದ್ದ ಆಂಟಿಯಂತೂ ಮತ್ತೆ ಮತ್ತೆ ಬಡಿಸಿಕೊಳ್ಳುತ್ತಿದ್ದರು. ಅಂದೂ ಬಡಿಸಿಕೊಳ್ಳುತ್ತಲೇ ಕೇಳಿದರು.

"ಪಾಠ ಚೆನ್ನಾಗಿತ್ತಂತೆ. ಅದ್ಸರಿ, ನಿಮ್ಮ ಮನೆದೇವ್ರು ಯಾವ್ದು?"

ಜಾತಿ ಯಾವುದೆಂದು ನೇರವಾಗಿ ಕೇಳಲು ಬಾಯಿ ಬಾರದವರು ಮನೆದೇವರನ್ನು ಕೇಳುತ್ತಾರೆ. ಬೇರೆ ದಿನವಾಗಿದ್ದರೆ ತಿರುಪತಿ ತಿಮ್ಮಪ್ಪ ಎಂದು ತೇಲಿಸಿಬಿಡುತ್ತಿದ್ದೆ. ಅಂದು ನನ್ನ ಪಾಠ ನನ್ನ ತಲೆಗೇ ಏರಿತ್ತು.

"ಬುದ್ಧ, ಆಂಟಿ. ನಮ್ಮ ತಾತ ಗುಡಿ ಹೊರಗೆ ನಿಂತೂ ನಿಂತೂ ಸಾಕಾಗಿ ಬೌದ್ಧರಾದ್ರು."

"ಓ," ಎಂದರು. ತಟ್ಟೆಯನ್ನು ಹಾಗೆಯೇ ಮೇಜಿನ ಮೇಲಿಟ್ಟು ಯಾರನ್ನೋ ಮಾತನಾಡಿಸಲು ಹೋದರು.

ಮುಂದಿನ ಪಾಟ್‌ಲಕ್‌ಗೆ ಮೊದಲು ಅವರಿಂದ ವಾಟ್ಸಾಪ್ ಬಂತು: ನೀವು ಪಾಪ ಬ್ಯುಸಿ ಇರ್ತೀರಿ, ಅಡುಗೆ ಬೇಡ, ನೀರಿನ ಬಾಟ್ಲಿ ತಂದ್ರೆ ಸಾಕು. ಅದರ ಮುಂದಿನ ತಿಂಗಳೂ ಅದೇ ಮಾತು. ಮತ್ತೂ ಅದೇ ಬಂದಾಗ ನನಗೆ ರೇಗಿತು. ಬಾಟಲಿಗಳ ಜೊತೆ ವಾಂಗಿಬಾತನ್ನೂ ಮಾಡಿಕೊಂಡು ಹೋಗಿ ಮೇಜಿನ ನಡುವೆಯೇ ಇಟ್ಟೆ. ಇದನ್ನು ಉಂಡರೆ ನಾನು ಇವರಲ್ಲೊಬ್ಬಳು, ಇಲ್ಲದಿದ್ದರೆ ಅಲ್ಲ, ಇವತ್ತೇ ಗೊತ್ತಾಗಿಬಿಡಲಿ ಎಂದುಕೊಂಡೆ.

ಊಟದ ಸಾಲು ಸಾಗಿತು. ಒಬ್ಬರಿಗೆ ಗ್ಯಾಸ್ಟ್ರಿಕ್, ಇನ್ನೊಬ್ಬರಿಗೆ ಡಯಟ್. ತರಗತಿಯಲ್ಲಿ ನಗಿಸಿದ್ದ ಹುಡುಗಿ ಚಮಚ ಎತ್ತಿದಳು. ಅವಳಮ್ಮ, "ಅದು ಖಾರ ಇರತ್ತೆ ಪುಟ್ಟಿ," ಎಂದು ಕೈ ಹಿಡಿದು ಮುಂದಕ್ಕೆ ಕರೆದುಕೊಂಡು ಹೋದರು.

ತಡೆಯಲಾರದೆ ಆಂಟಿಯನ್ನೇ ಕೇಳಿದೆ. "ನನ್ನ ಅಡುಗೆ ಯಾಕೆ ಬೇಡ ಆಂಟಿ? ಬುದ್ಧ ಅಂದಿದ್ದಕ್ಕಾ?"

"ಅಯ್ಯೋ, ಏನ್ ಮಾತು ಅಂತ ಆಡ್ತೀರಮ್ಮ! ಬುದ್ಧ ಅಂದ್ರೆ ನಮಗೆ ಪ್ರಾಣ. ಬ್ಯಾಕ್‌ಯಾರ್ಡಲ್ಲಿ ಫೌಂಟನ್ ಪಕ್ಕ ಇಟ್ಟಿದೀವಲ್ಲ, ನೋಡಿಲ್ವಾ?"

ಮೈಯೆಲ್ಲ ಉರಿದುಹೋಯಿತು. ಯಾರೂ ಮುಟ್ಟದ ಪಾತ್ರೆಗೆ ಮುಚ್ಚಳ ಹಾಕಿ ಎತ್ತಿಕೊಂಡೆ. ಬಾಗಿಲ ಬಳಿ ನಾನು ತಂದಿಟ್ಟಿದ್ದ ನೀರಿನ ಬಾಟಲಿಗಳು ಆಗಲೇ ಖಾಲಿಯಾಗಿದ್ದವು. ತಂದಾಗ ಅವುಗಳಿಗೆ ಸೀಲ್ ಇತ್ತು; ಒಳಗಿನ ನೀರಿಗೆ ನನ್ನ ಕೈ ತಾಗಿರಲಿಲ್ಲ.