ಎಷ್ಟು ದಿಂಬು, ಅಕ್ಕಾ?

ದಿಂಬಿನ ಅಂಗಡಿ ಇಟ್ಟವನಿಗೆ ಗಿರಾಕಿಯ ಸಂಸಾರ ಕೇಳದೆಯೇ ಗೊತ್ತಾಗುತ್ತದೆ. ಜೋಡಿ ಒಡೆದು ಒಂದೇ ಕೊಡಿ ಎನ್ನುವವನ ಮನೆಯಲ್ಲಿ ಇನ್ನೊಂದು ತಲೆ ಇಲ್ಲ. ಅವನು ಅಂಥ ಗಿರಾಕಿ. ಸವೆದ ಚಪ್ಪಲಿ, ಇಸ್ತ್ರಿ ಮಾಡಿದ ಅಂಗಿ, ಚೌಕಾಸಿ ಬಾರದ ಬಾಯಿ. ಈ ಮಾಲು ಹೆಚ್ಚು ಬಾಳಿಕೆ ಬರುವುದಿಲ್ಲ ಎಂದುಕೊಂಡೆ, ದಿಂಬಲ್ಲ, ಅವನು.

ಮರುವರ್ಷ ಅವನನ್ನು ಕಂಡದ್ದು ಆಸ್ಪತ್ರೆಯಲ್ಲಿ, ನನ್ನ ಅಕ್ಕನ ಮಂಚದ ಪಕ್ಕ. ಅಕ್ಕನ ಹೃದಯ ಪೂರ್ತಿ ಕೈಕೊಟ್ಟಿತ್ತು. ಇನ್ನೊಬ್ಬರ ಹೃದಯ ಸಿಗುವವರೆಗೆ ಇರಲಿ ಎಂದು ವೈದ್ಯರು ಎದೆಯೊಳಗೆ ಕೃತಕ ಹೃದಯ ಇಟ್ಟಿದ್ದರು. ಅದನ್ನು ನಡೆಸುವ ಪೆಟ್ಟಿಗೆ ಹೊರಗೆ ಟಕ್ ಟಕ್ ಎನ್ನುತ್ತಿತ್ತು. ಆ ಪೆಟ್ಟಿಗೆ ನೋಡಿಕೊಳ್ಳುವುದು ಅವನ ಕೆಲಸ. ಬಲಗಡೆಯ ಪಂಪು ರಕ್ತವನ್ನು ಶ್ವಾಸಕೋಶಕ್ಕೆ ತಳ್ಳುತ್ತದಂತೆ, ಎಡಗಡೆಯದು ಅಲ್ಲಿಂದ ಬಂದದ್ದನ್ನು ಮೈಗೆಲ್ಲ.

"ಎರಡೂ ಸಮ ಇಟ್ಬಿಡಿ, ತಂಟೆನೇ ಇಲ್ಲ," ಎಂದೆ. ಹತ್ತಿ ತೂಗುವವನ ಬುದ್ಧಿ.

"ಸಮ ಇಟ್ರೆ ಶ್ವಾಸಕೋಶದಲ್ಲಿ ನೀರು ತುಂಬಿ ಮುಳುಗ್ತಾರೆ ಯಜಮಾನ್ರೇ. ಶ್ವಾಸಕೋಶಕ್ಕೆ ಬೇರೆ ದಾರಿಯಿಂದಾನೂ ಸ್ವಲ್ಪ ರಕ್ತ ಬರುತ್ತೆ. ಎಡಗಡೆ ಒಂಚೂರು ಜಾಸ್ತಿನೇ ದುಡೀಬೇಕು. ನಮ್ಮ ಹೃದಯಕ್ಕೆ ಅದು ತಾನಾಗೇ ಗೊತ್ತು, ಇದಕ್ಕೆ ಹೇಳ್ಕೊಡಬೇಕು."

ಅವನ ಬಾಯಿಂದ ಅಷ್ಟು ಉದ್ದದ ಮಾತು ಮತ್ತೆ ಬರಲಿಲ್ಲ. ಆಸ್ಪತ್ರೆಯ ಕರೆ ಇಲ್ಲದಾಗ ದಿನವೆಲ್ಲ ಅವನು ಆ ಪೆಟ್ಟಿಗೆ ತಯಾರಿಸುವ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ, ಪಂಪಿಗೆ ಜೋಡಿಸಿದ ಗಾಜಿನ ತೊಟ್ಟಿಗಳ ಮುಂದೆ ಒಬ್ಬನೇ ಕೂತು, ಶ್ವಾಸಕೋಶದ ಹೆಸರಿನ ತೊಟ್ಟಿಯಲ್ಲಿ ನೀರು ಏರದಂತೆ ಕಾಯುತ್ತಾನೆ. ಊಟವೂ ಆ ಸದ್ದಿನ ಜೊತೆಗೇ. ಮನೆಗೆ ಹೋದರೆ ಸದ್ದೂ ಇಲ್ಲ.

ಅಕ್ಕ ಪೆಟ್ಟಿಗೆಯ ಸಮೇತ ಮನೆಗೆ ಬಂದ ಮೇಲೆ ಪ್ರತಿ ಸಂಜೆ ಅವನ ಫೋನು. ಒಂದೇ ಪ್ರಶ್ನೆ: "ಎಷ್ಟು ದಿಂಬು, ಅಕ್ಕಾ?" ಶ್ವಾಸಕೋಶದಲ್ಲಿ ನೀರು ತುಂಬಿದರೆ ಚಪ್ಪಟೆ ಮಲಗಲಾಗದು, ತಲೆದಿಂಬು ಏರುತ್ತಲೇ ಹೋಗುತ್ತದೆ.

"ಒಂದೇ ಕಣೋ. ನನ್ನ ದಿಂಬು ಎಣಿಸೋದು ಬಿಟ್ಟು ಒಬ್ಬಳನ್ನ ಹುಡುಕ್ಕೋ, ಪೆಟ್ಟಿಗೆ ಜೊತೆ ಎಷ್ಟು ದಿನ ಸಂಸಾರ ಮಾಡ್ತೀಯ ಮುಟ್ಠಾಳ!" ಅಕ್ಕ ಒಂದೇ ಉಸಿರಿಗೆ ಬೈಯುವಳು. ಅವನು ಪೂರ್ತಿ ಕೇಳಿಸಿಕೊಂಡೇ ಫೋನು ಇಡುವನು. ಬೈಯುವವರು ಬೇರೆ ಯಾರೂ ಇದ್ದಂತಿರಲಿಲ್ಲ.

ಆಮೇಲೊಂದು ವಾರ ಅಕ್ಕ ಅಂಗಡಿಯಿಂದ ದಿಂಬು ತರಿಸಿಕೊಳ್ಳುತ್ತಲೇ ಇದ್ದಳು. ಫೋನಿನಲ್ಲಿ ಮಾತ್ರ "ಒಂದೇ". ಮತ್ತೆ ಆಸ್ಪತ್ರೆ ಸೇರುವುದು ಅವಳಿಗೆ ಬೇಡವಾಗಿತ್ತು. ಆಣೆ ಹಾಕಿಸಿ ನನ್ನ ಬಾಯಿಗೂ ಬೀಗ ಜಡಿದಿದ್ದಳು. ವಾರದ ಕೊನೆಯ ಸಂಜೆ ಬೈಗುಳ "ಒಬ್ಬಳನ್ನ ಹುಡುಕ್ಕೋ" ಎಂಬಲ್ಲಿಗೇ ನಿಂತಿತು.

"ಯಾಕಕ್ಕಾ, ಅರ್ಧಕ್ಕೇ ಬಿಟ್ರಿ?"

"ನಿನಗೆ ಬೈದೂ ಬೈದೂ... ಸಾಕಾಯ್ತು."

"ನಿಜ ಹೇಳಿ. ಎಷ್ಟು?"

ಅಕ್ಕ ಬೆನ್ನ ಹಿಂದೆ ಕೈಯಾಡಿಸಿ ಎಣಿಸಿದಳು. "ನಾಲ್ಕು," ಎಂದಳು.

ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನು ವೈದ್ಯರನ್ನು ಕರೆದುಕೊಂಡು ಬಾಗಿಲಲ್ಲೇ ನಿಂತಿದ್ದ. ವೈದ್ಯರು ಹೇಳಿದಂತೆ ಬಲಗಡೆಯ ಪಂಪಿನ ಓಟವನ್ನು ತುಸು ತುಸುವೇ ತಗ್ಗಿಸಿದ. ಅತಿಯಾದರೆ ಮೈಗೆ ರಕ್ತ ಸಾಲದು. ಒಂದೊಂದೇ ದಿಂಬು ಕೆಳಗಿಳಿಯಿತು. ಅಕ್ಕ ಮಲಗಿದಳು. ಎದ್ದವಳ ಮೊದಲ ಮಾತು: "ಹುಡುಕಿದ್ಯೇನೋ?"

ಕೊನೆಗೆ ಹೃದಯ ಸಿಕ್ಕಿತು. ಅವನು ಪೆಟ್ಟಿಗೆ ಎತ್ತಿಕೊಂಡು ಹೋದ. ಸಂಜೆಯ ಫೋನೂ ನಿಂತಿತು.

ಮೊನ್ನೆ ಅಂಗಡಿಗೆ ಬಂದಿದ್ದ. ಮತ್ತೆ ಜೋಡಿ ಒಡೆಸಿದ.

"ಅಕ್ಕ ಈಗ ಎಷ್ಟು ದಿಂಬಲ್ಲಿ ಮಲಗ್ತಾರೆ?"

"ಒಂದರಲ್ಲೇ. ಒಂದು ಫೋನ್ ಮಾಡಪ್ಪ, ಸಂಜೆಯಾದ್ರೆ ದಾರಿ ನೋಡ್ತಾಳೆ."

"ಈಗ ಏನಂತ ಮಾಡ್ಲಿ?" ಎಂದು ದಿಂಬನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಳಿದುಹೋದ.

ನನ್ನ ಅಕ್ಕ ಉಸಿರಾಡುತ್ತಿರುವುದು ಅವನಿಂದ. ಆ ಋಣ ನನ್ನ ಮೇಲಿದೆ.