ಹುಲಿಗೆಮ್ಮ ಅತ್ತಿ ಒಡೆದ ಸಂಖ್ಯೆ

ಒಲೆಯಿಂದ ಆಗಷ್ಟೇ ತೆಗೆದ ಕೆಂಡಕ್ಕೆ ನೀರು ಚಿಮುಕಿಸಿದಾಗ ಏಳುವ ಇದ್ದಿಲ ವಾಸನೆ ಮೂಗಿಗೆ ಬಡಿದರೆ ಸಾಕು, ಮಾನ್ವಿಯ ನಮ್ಮ ಅಡುಗೆಮನೆಯ ಸುಣ್ಣದ ಗೋಡೆ ಕಣ್ಣ ಮುಂದೆ ನಿಲ್ಲುತ್ತದೆ. ಆ ಮನೆ ಈಗಿಲ್ಲ. ನಿಮ್ಮ ಮನೆಯಲ್ಲೂ ಅಂಥ ಗೋಡೆಯೊಂದು ಇದ್ದಿರಬೇಕು, ಮಕ್ಕಳ ಎತ್ತರವನ್ನೋ ಹಬ್ಬದ ಚಿತ್ತಾರವನ್ನೋ ಹೊತ್ತುಕೊಂಡು. ನಮ್ಮ ಗೋಡೆಯ ಮೇಲೆ ಒಂದು ಸಂಖ್ಯೆ ಇತ್ತು: 1234567. ಇದ್ದಿಲಿನಿಂದ ಬರೆದವನು ಅಪ್ಪನ ತಮ್ಮ, ನರಸಪ್ಪ ಕಾಕಾ. ರಾಯಚೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ. ನಮ್ಮ ಕೂಲಿಯವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ಅವನೇ. ಹಾಗಾಗಿ ಶನಿವಾರ ಅವನು ಬಸ್ಸಿಳಿದು ಬಂದರೆ, ಭತ್ತದ ಗದ್ದೆಯಿಂದ ಬಂದ ಮುತ್ಯಾ, ಅವನ ಸ್ವಂತ ಅಪ್ಪ, ಕಾಲು ತೊಳೆದುಕೊಂಡು ಅವನ ಮುಂದೆ ವಿದ್ಯಾರ್ಥಿಯಂತೆ ಕೂಡುತ್ತಿದ್ದ.

"ಇದು ಅವಿಭಾಜ್ಯ ಸಂಖ್ಯಾ," ಎಂದು ಕಾಕಾ ಸಾರಿದ. "ಒಂದು ಮತ್ತ ತಾನು ಬಿಟ್ರ ಬ್ಯಾರೆ ಯಾವುದರಿಂದ್ಲೂ ಭಾಗ ಹೋಗಂಗಿಲ್ಲ. ಒಡದವ್ರಿಗೆ ಕೇಳಿದ್ದು ಕೊಡ್ತೀನಿ!" ಯಾರಿಂದಲೂ ಒಡೆಯಲಾಗದ್ದು ಎಂದರೆ ದೇವರೇ ಇರಬೇಕು ಎಂದು ಮುತ್ಯಾ ಅದಕ್ಕೆ ಕುಂಕುಮ ಹಚ್ಚಿದ. ಬಾಳೆಹಣ್ಣು ಮಾರುವ ಪಕ್ಕದ ಮನೆಯ ಖಾಜಾ ಚಾಚಾ ಅಷ್ಟು ಹಣ್ಣು ಅಂತ ಲೆಕ್ಕ ಹಿಡಿದು ಏಳು ಮಂದಿಗೆ ಹಂಚಿ ನೋಡಿದ. ಐದು ಉಳಿಯಿತು. "ಆ ಐದು ಹಣ್ಣು ನಾ ತಿಂತೀನಿ ಮಾಸ್ತರ, ಲೆಕ್ಕ ಖತಂ!" ಅಂದ. ಮುಂದಿನ ಶನಿವಾರದ ತನಕ ಕಾಕಾ ಅವನ ಜೊತೆ ಮಾತು ಬಿಟ್ಟ.

ಕಾಕಾನ ತಂಗಿ ಹುಲಿಗೆಮ್ಮ ಅತ್ತಿ ಅದೇ ಗೋಡೆಯ ಬುಡದಲ್ಲಿ ರೊಟ್ಟಿ ಬಡಿಯುತ್ತಿದ್ದಳು. "ಮನಿ ನೋಡಾಕ ಯಾರದಾರ?" ಎಂದು ಏಳನೆಯ ಇಯತ್ತೆಗೇ ಅವಳ ಶಾಲೆ ಬಿಡಿಸಿ ಎರಡು ವರ್ಷವಾಗಿತ್ತು. ಆ ಶನಿವಾರ ಅವಳು ತಲೆಯೆತ್ತದೆ ಕೇಳಿದಳು: "ಅಣ್ಣಾ, ಎಲ್ಲಿತನಕ ಭಾಗ ಹಾಕಿ ನೋಡಿದಿ?"

"ನೂರಾ ಹದಿಮೂರರ ತನಕ. ಎರಡರಿಂದ ಹಿಡದು ಮೂವತ್ತು ಅವಿಭಾಜ್ಯ ಸಂಖ್ಯಾ ಹಾಕೀನಿ, ಒಂದೂ ಹತ್ತಲಿಲ್ಲ. ಸಾಕಲ್ಲೇನು?"

ಅತ್ತಿ ಇದ್ದಿಲು ಹಿಡಿದು ಎದ್ದಳು. ಮೂವತ್ತೊಂದನೆಯದು ನೂರಾ ಇಪ್ಪತ್ತೇಳು. ಹೆಂಚಿನ ಮೇಲೆ ರೊಟ್ಟಿ ಕರ್ರಗಾಗುವ ಹೊತ್ತಿಗೆ ಗೋಡೆಯ ಮೇಲೆ ಶೇಷ ಸೊನ್ನೆ ಬಂದಿತ್ತು, ಭಾಗಲಬ್ಧ 9721. ಕಾಕಾ ಗುಣಿಸಿ ನೋಡಿದ. ಕೆಳಗಿನಿಂದ ಮೇಲಕ್ಕೆ ನೋಡಿದ. ಕೊನೆಗೆ ಇದ್ದಿಲನ್ನೇ ತಿರುಗಿಸಿ ನೋಡಿದ. ಒಂದೇ ಹೆಜ್ಜೆ ಮುಂದಿಟ್ಟಿದ್ದರೆ ಅವನಿಗೇ ಸಿಗುತ್ತಿತ್ತು! ಅವಿಭಾಜ್ಯ ಎನ್ನಬೇಕಾದರೆ ವರ್ಗಮೂಲದ ತನಕ, ಅಂದರೆ ಸಾವಿರದ ನೂರಾ ಹನ್ನೊಂದರ ತನಕ ಹುಡುಕಬೇಕು ಎಂದು ಎಷ್ಟೋ ವರ್ಷಗಳ ಮೇಲೆ ಅತ್ತಿಯೇ ನನಗೆ ತಿಳಿಸಿಕೊಟ್ಟಳು.

"ಕೇಳು, ಏನು ಬೇಕು? ಬಳಿನೋ, ಸೀರಿನೋ?" ಕಾಕಾ ಸಣ್ಣ ದನಿಯಲ್ಲಿ ಅಂದ.

"ಸಾಲಿ ಬೇಕಣ್ಣಾ."

ಅತ್ತಿ ಪರಾತದ ಪಕ್ಕ ಕೂತಿದ್ದ ನನ್ನನ್ನು ಸರಿಸಿ, ಮತ್ತೆ ಹಿಟ್ಟು ನಾದತೊಡಗಿದಳು. ಮುತ್ಯಾ ಸೀದ ರೊಟ್ಟಿಯನ್ನು ಎತ್ತಿ ಎರಡೂ ಮಗ್ಗುಲು ನೋಡಿದ. "ಕಳಸ್ರಿ ಅಕಿನ್ನ," ಅಂದ. "ಇಲ್ಲಾಂದ್ರ ದಿನಾ ಇಂಥಾ ರೊಟ್ಟಿನೇ ತಿನ್ನಬೇಕಾಗ್ತದ."

ಅತ್ತಿ ದೇವದುರ್ಗದಲ್ಲಿ ಲೆಕ್ಕದ ಟೀಚರಾದಳು. ಹೋದ ವರ್ಷ ತೀರಿಕೊಂಡಳು. ಅವತ್ತು ಅಂಗಳದ ತುಂಬ ಅವಳ ಕೈಯಲ್ಲಿ ಕಲಿತವರು. ಹಲ್ಲಿಲ್ಲದ ಕಾಕಾ ಬಾಗಿಲಲ್ಲಿ ಕೂತು, ಬಂದವರಿಗೆಲ್ಲ ಕಣ್ಣೊರೆಸಿಕೊಳ್ಳುತ್ತ, "ಅಕಿಗೆ ಲೆಕ್ಕ ಕಲಿಸಿದಾಂವ ನಾನೇ ರೀ," ಎಂದು ಹೇಳುತ್ತಿದ್ದ. ನಕ್ಕು ಅವನನ್ನು ತಿದ್ದಬೇಕಾದವಳು ಒಳಗೆ ಮಲಗಿದ್ದಳು.